ಕೇಶದ ನಾಟಿಯೂ ದೀರ್ಘವ್ಯಾಧಿಯ ನಿರ್ವಾಹವೂ

೧

ಬಕ್ಕತಲೆಯ ಮೇಲೆ ಮತ್ತೆ ಕೂದಲು ಬೆಳೆಸುವ ಶಸ್ತ್ರಕ್ರಿಯೆಗೆ ಕನ್ನಡ ವೃತ್ತಪತ್ರಿಕೆಗಳಲ್ಲಿ ಈಗ ‘ಕೂದಲು ಕಸಿ’ ಎಂಬ ಹೆಸರು ರೂಢಿಯಾಗಿದೆ. ಹೆಸರು ಸುಲಭವಾಗಿ ಅರ್ಥವಾಗುವಂಥದು. ಆದರೆ ಕ್ರಿಯೆಯ ಸ್ವರೂಪವನ್ನು ಅದು ಸರಿಯಾಗಿ ತಿಳಿಸುವುದಿಲ್ಲ. ತೋಟಗಾರನು ಮಾವಿಗೆ ಕಸಿ ಕಟ್ಟುವಾಗ ಒಂದು ಗಿಡದ ಬುಡಕ್ಕೆ ಇನ್ನೊಂದು ಗಿಡದ ಕುಡಿಯನ್ನು ಕೂಡಿಸುತ್ತಾನೆ. ಬೇರು ಒಂದರದು, ಫಲ ಇನ್ನೊಂದರದು. ತಲೆಯ ಶಸ್ತ್ರಕ್ರಿಯೆಯಲ್ಲಿ ನಡೆಯುವುದು ಹೀಗಲ್ಲ. ಅಲ್ಲಿ ಹಿಂದಲೆಯ ಕೂದಲನ್ನು ಬೇರುಸಹಿತವಾಗಿ ತೆಗೆದು ಮುಂದಲೆಯಲ್ಲಿ ನೆಡುತ್ತಾರೆ. ಸಸಿಮಡಿಯ ಪೈರನ್ನು ಕಿತ್ತು ಗದ್ದೆಯಲ್ಲಿ ನೆಡುವ ನಾಟಿಗೆ, ಕರಾವಳಿಯವರ ಮಾತಿನಲ್ಲಿ ನೇಜಿ ನೆಡುವ ಕೆಲಸಕ್ಕೆ, ಇದು ಹೆಚ್ಚು ಹತ್ತಿರವಾದುದು.

ಈ ಭೇದವು ಕೇವಲ ನಿಘಂಟುಕಾರರಿಗೆ ಸಂಬಂಧಿಸಿದ್ದಲ್ಲ. ನಾಟಿಯೆಂಬ ಮಾತನ್ನು ಒಪ್ಪಿಕೊಂಡರೆ ಅದರೊಡನೆ ಮೂರು ಸಂಗತಿಗಳನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಪೈರಿನ ಸ್ಥಳ ಬದಲಾಗುವುದೇ ಹೊರತು ಜಾತಿ ಬದಲಾಗುವುದಿಲ್ಲ ಎಂಬುದು ಮೊದಲನೆಯದು. ಸಸಿಮಡಿಯಲ್ಲಿ ಇರುವಷ್ಟು ಸಸಿಯನ್ನು ಮಾತ್ರ ನೆಡಬಹುದು ಎಂಬುದು ಎರಡನೆಯದು. ಗದ್ದೆಗೆ ಅಂಟಿದ ರೋಗ ನಾಟಿಯಿಂದ ವಾಸಿಯಾಗುವುದಿಲ್ಲ ಎಂಬುದು ಮೂರನೆಯದು. ಕೇಶದ ನಾಟಿ ಮಾಡಿಸಿಕೊಂಡವರ ಸಂತೋಷಕ್ಕೂ ನಿರಾಶೆಗೂ, ಕೆಲವು ಸಲ ಪ್ರಾಣಾಪಾಯಕ್ಕೂ, ಈ ಮೂರು ಸಂಗತಿಗಳ ತಿಳಿವಳಿಕೆಯೇ ಅಥವಾ ಅದರ ಅಭಾವವೇ ಮುಖ್ಯ ಕಾರಣವೆಂದರೆ ತಪ್ಪಾಗಲಾರದು. ಮಧುಮೇಹ, ರಕ್ತದೊತ್ತಡ, ಹೃದ್ರೋಗ ಮುಂತಾದ ದೀರ್ಘವ್ಯಾಧಿಗಳೊಡನೆ ಬಾಳುತ್ತಿರುವವರಿಗಂತೂ ಇದನ್ನು ತಿಳಿದುಕೊಳ್ಳುವುದು ಅತ್ಯವಶ್ಯವಾಗಿದೆ.

೨

ಕೂದಲು ಉದುರುವುದೆಲ್ಲ ಒಂದೇ ರೋಗವಲ್ಲ. ಈ ವಿವೇಕವು ಹಳೆಯ ವೈದ್ಯಗ್ರಂಥಗಳಲ್ಲಿಯೂ ಉಂಟು. ವಾಗ್ಭಟನ ಅಷ್ಟಾಂಗಹೃದಯದಲ್ಲಿ ಇಂದ್ರಲುಪ್ತ, ಖಲತಿ ಎಂಬ ಎರಡು ಹೆಸರುಗಳು ಬರುತ್ತವೆ. ಎರಡನೆಯದರಲ್ಲಿ ಕೂದಲು ಕ್ರಮಕ್ರಮವಾಗಿ ಉದುರುವುದೆಂದು ಅಲ್ಲಿ ಭೇದವನ್ನು ಹೇಳಿದೆ. ಇದ್ದಕ್ಕಿದ್ದಂತೆ ತಲೆಯಲ್ಲೋ ಗಡ್ಡದಲ್ಲೋ ಕಾಸಿನಗಲದ ಬೋಳು ಕಾಣಿಸಿಕೊಂಡು, ಜನರು ‘ಹುಳು ತಿಂದಿದೆ’ ಎನ್ನುವ ಸ್ಥಿತಿಯನ್ನು ಇಂದಿನ ವೈದ್ಯರು ಅಲೊಪೀಷಿಯ ಏರಿಯೇಟ ಎಂದು ಕರೆಯುತ್ತಾರೆ. ಅದರಲ್ಲಿ ಹುಳುವೇನೂ ಇರುವುದಿಲ್ಲ. ದೇಹದ ರಕ್ಷಣಾವ್ಯವಸ್ಥೆಯು ತನ್ನ ಕೇಶಮೂಲವನ್ನೇ ಶತ್ರುವೆಂದು ಬಗೆದು ಅದರ ಮೇಲೆ ಎರಗುತ್ತದೆ. ಕಠಿನವಾದ ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ ಇವುಗಳಾದ ಎರಡು ಮೂರು ತಿಂಗಳಿಗೆ ತಲೆಯ ಎಲ್ಲ ಕಡೆಯಿಂದಲೂ ಕೂದಲು ಹಿಡಿಹಿಡಿಯಾಗಿ ಬರುವುದು ಬೇರೆಯೇ ಒಂದು ಸ್ಥಿತಿ. ೨೦೨೦ರ ಮತ್ತು ೨೦೨೧ರ ಕೋವಿಡ್ ಜ್ವರದ ತರುವಾಯ ಅನೇಕರು ಕಂಡದ್ದು ಇದನ್ನೇ. ಕಾರಣವು ಕಳೆದುಹೋದರೆ ಇಂಥ ಕೂದಲು ತಾನಾಗಿಯೇ ಹಿಂತಿರುಗುವುದು ಸಾಮಾನ್ಯ. ಇನ್ನು ಬಹುಮಂದಿ ಗಂಡಸರಲ್ಲಿ ಹಣೆಯ ಎರಡು ಮೂಲೆಗಳಿಂದಲೂ ನಡುನೆತ್ತಿಯಿಂದಲೂ ಮೊದಲಾಗಿ ವರ್ಷಾನುವರ್ಷ ಹಬ್ಬುವ ವಂಶಾನುಗತವಾದ ಬೋಳು ಇವೆಲ್ಲಕ್ಕಿಂತ ಭಿನ್ನವಾದುದು. ಕೇಶದ ನಾಟಿ ಹುಟ್ಟಿದ್ದೂ ಬೆಳೆದದ್ದೂ ಮುಖ್ಯವಾಗಿ ಈ ಕೊನೆಯ ವರ್ಗದವರಿಗಾಗಿ.

ಮನುಷ್ಯನ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿರುತ್ತವೆ. ಪ್ರತಿಯೊಂದು ಕೂದಲೂ ಎರಡರಿಂದ ಆರು ವರ್ಷ ಬೆಳೆದು, ಎರಡು ಮೂರು ವಾರಗಳಲ್ಲಿ ಬೆಳವಣಿಗೆಯನ್ನು ನಿಲ್ಲಿಸಿ, ಸುಮಾರು ಮೂರು ತಿಂಗಳು ವಿಶ್ರಮಿಸಿ ಉದುರುತ್ತದೆ. ಅದೇ ಮೂಲದಿಂದ ಹೊಸ ಕೂದಲು ಹೊರಡುತ್ತದೆ. ದಿನಕ್ಕೆ ೫೦ರಿಂದ ೧೦೦ ಕೂದಲು ಬಾಚಣಿಗೆಗೆ ಬರುವುದು ಆರೋಗ್ಯದ ಲಕ್ಷಣವೇ ಸರಿ. ತಿರುಪತಿಯಲ್ಲಿ ಮುಡಿ ಕೊಟ್ಟು ಬಂದವನ ತಲೆ ಕೆಲವೇ ತಿಂಗಳಲ್ಲಿ ಮತ್ತೆ ಕಪ್ಪಾಗುತ್ತದೆ. ಏಕೆಂದರೆ ಕ್ಷೌರದ ಕತ್ತಿಯು ಚರ್ಮದ ಮೇಲಿನದನ್ನು ಮಾತ್ರ ಕತ್ತರಿಸುತ್ತದೆ, ಮೂಲವನ್ನು ಮುಟ್ಟುವುದಿಲ್ಲ. ವಂಶಾನುಗತವಾದ ಬೋಳಿನಲ್ಲಿ ಇದು ತಿರುವುಮುರುವಾಗುತ್ತದೆ. ಕತ್ತಿ ಸೋಂಕದೆಯೇ ಮೂಲವು ಒಂದೊಂದು ಆವೃತ್ತಿಗೂ ಕುಗ್ಗುತ್ತದೆ. ಬೆಳವಣಿಗೆಯ ಕಾಲ ಮೊಟಕಾಗುತ್ತದೆ. ದಪ್ಪವಾಗಿದ್ದ ಕೂದಲು ಎಳೆಯಾಗಿ, ನವಿರಾಗಿ, ಕಡೆಗೆ ಕಣ್ಣಿಗೆ ಕಾಣದಷ್ಟಾಗುತ್ತದೆ.

ಇದಕ್ಕೆ ಪುರುಷ ಹಾರ್ಮೋನು ಕಾರಣವೆಂಬುದನ್ನು ಅಮೆರಿಕದ ಅಂಗರಚನಾಶಾಸ್ತ್ರಜ್ಞ ಜೇಮ್ಸ್ ಹ್ಯಾಮಿಲ್ಟನ್ ೧೯೪೨ರಲ್ಲಿ ಸ್ಥಾಪಿಸಿದನು. ಪ್ರಾಯಕ್ಕೆ ಬರುವುದಕ್ಕೆ ಮೊದಲೇ ವೃಷಣಗಳನ್ನು ಕಳೆದುಕೊಂಡ ಗಂಡಸರಲ್ಲಿ ಬೋಳು ಉಂಟಾಗುವುದಿಲ್ಲವೆಂದೂ, ಅಂಥವರಿಗೆ ಹಾರ್ಮೋನನ್ನು ಕೊಟ್ಟಾಗ ವಂಶದಲ್ಲಿ ಬೋಳು ಇದ್ದವರಿಗೆ ಅದು ಕಾಣಿಸಿಕೊಳ್ಳುವುದೆಂದೂ ಅವನು ತೋರಿಸಿದನು. ಟೆಸ್ಟಾಸ್ಟೆರೋನು ಒಂದು ಕಿಣ್ವದ ಮೂಲಕ ಡೈಹೈಡ್ರೊಟೆಸ್ಟಾಸ್ಟೆರೋನಾಗಿ ಮಾರ್ಪಟ್ಟು, ಅದಕ್ಕೆ ಸೋಲುವ ಗುಣವನ್ನು ಹುಟ್ಟಿನಿಂದ ಪಡೆದ ಮೂಲಗಳನ್ನು ಕುಗ್ಗಿಸುವುದೆಂದು ತರುವಾಯದ ಸಂಶೋಧನೆಗಳಿಂದ ತಿಳಿಯಿತು. ಇಲ್ಲಿ ವಿಶೇಷವಾಗಿ ಗಮನಿಸತಕ್ಕ ಅಂಶವೊಂದುಂಟು. ಒಂದೇ ತಲೆ, ಒಂದೇ ರಕ್ತ, ಒಂದೇ ಹಾರ್ಮೋನು. ಆದರೂ ಮುಂದಲೆಯ ಮೂಲ ಸೋಲುತ್ತದೆ, ಹಿಂದಲೆಯ ಮೂಲ ಸೋಲುವುದಿಲ್ಲ. ಎಷ್ಟೇ ಬೋಳಾದರೂ ಕಿವಿಯಿಂದ ಕಿವಿಯವರೆಗೆ ಹಿಂಭಾಗದಲ್ಲಿ ಒಂದು ಕೂದಲ ಪಟ್ಟಿ ಉಳಿಯುವುದು ಇದರಿಂದಲೇ. ಆ ಪಟ್ಟಿಯೇ ನಾಟಿಯ ಸಸಿಮಡಿ.

೩

ಕೇಶನಾಟಿಯ ಚರಿತ್ರೆಯು ಜಪಾನಿನಲ್ಲಿ ಆರಂಭವಾಗುತ್ತದೆ. ಅಲ್ಲಿನ ಚರ್ಮವೈದ್ಯ ಶೋಜಿ ಒಕುಡನು ಗಾಯದ ಕಲೆಯಿಂದ ಕೂದಲು ಹೋದ ಕಡೆಗಳಲ್ಲಿ ಸಣ್ಣ ಉರುಟಾದ ಚರ್ಮದ ತುಂಡುಗಳನ್ನು ಕೂದಲುಸಹಿತ ನೆಟ್ಟ ವಿಧಾನವನ್ನು ೧೯೩೯ರಲ್ಲಿ ಪ್ರಕಟಿಸಿದನು. ೧೯೪೩ರಲ್ಲಿ ಹಾಜಿಮೆ ತಾಮುರನು ಇನ್ನೂ ಚಿಕ್ಕ ತುಂಡುಗಳನ್ನು ಬಳಸಿ ಕೆಲಸ ಮಾಡಿದನು. ಬರೆದ ಭಾಷೆ ಜಪಾನಿ, ಕಾಲ ಮಹಾಯುದ್ಧದ್ದು. ಹೀಗಾಗಿ ಪಾಶ್ಚಾತ್ಯ ವೈದ್ಯರಿಗೆ ಇವರ ಹೆಸರು ಬಹುಕಾಲ ತಿಳಿಯಲೇ ಇಲ್ಲ. ದೇಶಭಾಷೆಯಲ್ಲಿ ಬರೆದ ಶಾಸ್ತ್ರಕ್ಕೆ ಒದಗುವ ಈ ಗತಿಯನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನ್ಯೂಯಾರ್ಕಿನ ಚರ್ಮವೈದ್ಯ ನಾರ್ಮನ್ ಒರೆಂಟ್ರೀಕ್ ೧೯೫೨ರಲ್ಲಿ ಸಾಮಾನ್ಯ ಬೋಳಿಗೆ ಇದೇ ಬಗೆಯ ನಾಟಿಯನ್ನು ಮಾಡಿ, ೧೯೫೯ರಲ್ಲಿ ತನ್ನ ಪ್ರಬಂಧವನ್ನು ಪ್ರಕಟಿಸಿದನು. ಕಿತ್ತು ನೆಟ್ಟ ಕೂದಲು ನೆಟ್ಟ ನೆಲದ ಗುಣವನ್ನು ಹೊಂದುವುದೋ, ಬಂದ ನೆಲದ ಗುಣವನ್ನು ಉಳಿಸಿಕೊಳ್ಳುವುದೋ ಎಂಬುದೇ ಅವನ ಪ್ರಶ್ನೆ. ಹಿಂದಲೆಯ ಕೂದಲನ್ನು ಬೋಳು ನೆತ್ತಿಗೆ ತಂದರೂ ಅದು ಹಿಂದಲೆಯ ಕೂದಲಾಗಿಯೇ ಬಾಳುವುದೆಂದು ಅವನು ಕಂಡುಕೊಂಡನು. ಈ ತತ್ತ್ವಕ್ಕೆ ಅವನು ಕೊಟ್ಟ ಹೆಸರನ್ನು ಕನ್ನಡದಲ್ಲಿ ‘ದಾತೃಪ್ರಾಬಲ್ಯ’ ಎನ್ನಬಹುದು. ನಾಟಿಯ ಶಾಸ್ತ್ರವೆಲ್ಲ ಇದೊಂದರ ಮೇಲೆ ನಿಂತಿದೆ.

ತತ್ತ್ವ ಸರಿಯಾಗಿದ್ದರೂ ಅದರ ಮೊದಲ ಫಲವನ್ನು ಅನುಭವಿಸಿದವರ ಪಾಡು ಸುಖದ್ದಾಗಿರಲಿಲ್ಲ. ಆಗಿನ ತುಂಡುಗಳು ಸುಮಾರು ನಾಲ್ಕು ಮಿಲಿಮೀಟರು ಅಗಲವಾಗಿದ್ದು, ಒಂದೊಂದರಲ್ಲಿಯೂ ಹತ್ತಾರು ಕೂದಲುಗಳಿದ್ದುವು. ನೆಟ್ಟ ತಲೆಯು ಬೊಂಬೆಯ ತಲೆಯಂತೆ ಕುಚ್ಚು ಕುಚ್ಚಾಗಿ ಕಾಣುತ್ತಿದ್ದಿತು. ಇದಕ್ಕಿಂತ ದೊಡ್ಡ ಕಷ್ಟವು ಕಾಲಾನಂತರದಲ್ಲಿ ಬಂದಿತು. ಇಪ್ಪತ್ತೈದನೆಯ ವಯಸ್ಸಿನಲ್ಲಿ ಹಣೆಯಂಚಿಗೆ ನಾಟಿ ಮಾಡಿಸಿಕೊಂಡವನಿಗೆ ನಲವತ್ತೈದು ತುಂಬುವಷ್ಟರಲ್ಲಿ, ಅದರ ಹಿಂದೆ ಸಹಜವಾಗಿದ್ದ ಕೂದಲೆಲ್ಲ ಉದುರಿಹೋಯಿತು. ನೆಟ್ಟದ್ದು ಮಾತ್ರ ಶಾಶ್ವತವಾಗಿ ಉಳಿಯಿತು. ಮುಂದೆ ಒಂದು ಬೇಲಿ, ಹಿಂದೆ ಬಯಲು! ಶಸ್ತ್ರಕ್ರಿಯೆ ಸೋತದ್ದರಿಂದ ಆದ ವಿರೂಪವಲ್ಲ ಇದು, ಗೆದ್ದದ್ದರಿಂದ ಆದದ್ದು. ರೋಗವು ಚಲಿಸುತ್ತಿದೆ ಎಂಬುದನ್ನು ಮರೆತು ಅದರ ಒಂದು ಘಳಿಗೆಯನ್ನು ಮಾತ್ರ ನೋಡಿ ಚಿಕಿತ್ಸೆ ಮಾಡಿದುದರ ಪರಿಣಾಮವಿದು.

ಕೂದಲುಗಳು ಚರ್ಮದಲ್ಲಿ ಒಂಟೊಂಟಿಯಾಗಿರದೆ ಒಂದರಿಂದ ನಾಲ್ಕರವರೆಗಿನ ಸಣ್ಣ ಗುಂಪುಗಳಾಗಿ ಹುಟ್ಟುತ್ತವೆಂಬುದನ್ನು ೧೯೮೪ರಲ್ಲಿ ಹೆಡಿಂಗ್ಟನ್ ವಿವರಿಸಿದನು. ಟೆಕ್ಸಸ್ಸಿನ ಬಾಬಿ ಲಿಮ್ಮರ್ ೧೯೮೮ರಿಂದ ಸೂಕ್ಷ್ಮದರ್ಶಕದ ಕೆಳಗೆ ಈ ಗುಂಪುಗಳನ್ನು ಬಿಡಿಬಿಡಿಯಾಗಿ ಬೇರ್ಪಡಿಸಿ ನೆಡತೊಡಗಿದನು. ಹಿಂದಲೆಯಿಂದ ಚರ್ಮದ ಪಟ್ಟಿಯನ್ನು ಕೊಯ್ದು ಹೊಲಿಯುವ ಬದಲು, ಸುಮಾರು ಒಂದು ಮಿಲಿಮೀಟರಿನ ಕೊಳವೆಯಿಂದ ಒಂದೊಂದೇ ಗುಂಪನ್ನು ಹೊರತೆಗೆಯುವ ವಿಧಾನವನ್ನು ರಾಸ್ಮನ್ ಮತ್ತು ಅವನ ಸಹೋದ್ಯೋಗಿಗಳು ೨೦೦೨ರಲ್ಲಿ ವೈದ್ಯಲೋಕದ ಮುಂದಿಟ್ಟರು. ಇಂದಿನ ನಾಟಿಯು ಸಹಜವಾಗಿ ಕಾಣುವುದು ಈ ಸುಧಾರಣೆಗಳಿಂದ.

೪

ಸುಧಾರಣೆಗಳು ಎಷ್ಟೇ ಆದರೂ ಸಸಿಮಡಿಯ ಲೆಕ್ಕ ಮಾತ್ರ ಬದಲಾಗಿಲ್ಲ. ಭತ್ತದ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಭತ್ತದ ಸಸಿಯು ಗದ್ದೆಯಲ್ಲಿ ತೆಂಡೆಯೊಡೆದು ಒಂದು ಹತ್ತಾಗುತ್ತದೆ. ಕೂದಲು ಒಂದಿದ್ದದ್ದು ಒಂದೇ. ಕಿತ್ತ ಸ್ಥಳದಲ್ಲಿಯೂ ಅದು ಮತ್ತೆ ಹುಟ್ಟುವುದಿಲ್ಲ. ಹಿಂದಲೆಯು ತೆಳ್ಳಗಾಗಿ ಕಾಣದಂತೆ ಒಬ್ಬನ ಜೀವಮಾನದಲ್ಲಿ ತೆಗೆಯಬಹುದಾದ ಗುಂಪುಗಳು ಸಾಮಾನ್ಯವಾಗಿ ಐದಾರು ಸಾವಿರ. ಸಹಜವಾದ ತಲೆಯಲ್ಲಿ ಒಂದು ಚದರ ಸೆಂಟಿಮೀಟರಿಗೆ ಸುಮಾರು ೮೦ ಗುಂಪುಗಳಿರುತ್ತವೆ. ಬೋಳಾದ ಜಾಗವು ೨೦೦ ಚದರ ಸೆಂಟಿಮೀಟರೆಂದು ಇಟ್ಟುಕೊಂಡರೆ ಮೊದಲಿದ್ದಂತೆ ತುಂಬಿಸಲು ೧೬,೦೦೦ ಗುಂಪುಗಳು ಬೇಕು, ಕೈಯಲ್ಲಿರುವುದು ೬,೦೦೦. ಎಲ್ಲೆಡೆ ಸಮನಾಗಿ ಹಂಚಿದರೆ ಚದರ ಸೆಂಟಿಮೀಟರಿಗೆ ೩೦ ಬರುತ್ತದೆ. ಸಾಂದ್ರತೆ ಅರ್ಧಕ್ಕೆ ಇಳಿಯುವವರೆಗೆ ಬೋಳು ಕಣ್ಣಿಗೆ ಎದ್ದು ಕಾಣುವುದಿಲ್ಲವೆಂಬುದೊಂದೇ ಇಲ್ಲಿ ಸಹಾಯ. ಆದಕಾರಣ ವಿವೇಕಿಯಾದ ವೈದ್ಯನು ಮುಂದಲೆಗೆ ಹೆಚ್ಚು ಕೊಟ್ಟು, ನಡುನೆತ್ತಿಗೆ ಕಡಮೆ ಮಾಡಿ, ಮುಂದಿನ ವರ್ಷಗಳಿಗೆಂದು ಸ್ವಲ್ಪವನ್ನು ಉಳಿಸುತ್ತಾನೆ. ಇದು ಮಿತವಾದ ಆದಾಯದಲ್ಲಿ ಸಂಸಾರ ತೂಗಿಸುವ ಲೆಕ್ಕ. ಒಂದೇ ದಿನದಲ್ಲಿ ತಲೆ ತುಂಬಿಸಿಕೊಡುವೆನೆನ್ನುವವನು ಇಡೀ ಆಸ್ತಿಯನ್ನು ಒಂದೇ ಮದುವೆಗೆ ಖರ್ಚು ಮಾಡಿಸುವವನಂತೆ.

ನಾಟಿ ಮಾಡಿಸಿಕೊಂಡವನ ಮೊದಲ ವರ್ಷವು ತಾಳ್ಮೆಯ ಪರೀಕ್ಷೆಯಾಗಿರುತ್ತದೆ. ಸ್ಥಳಿಕ ಅರಿವಳಿಕೆಯಲ್ಲಿ ಆರೆಂಟು ಗಂಟೆ ಕುಳಿತೋ ಮಲಗಿಯೋ ಇದ್ದು ಮನೆಗೆ ಬಂದ ಎರಡು ಮೂರು ದಿನಗಳಲ್ಲಿ ಹಣೆಯ ಬಾವು ಇಳಿದು ಕಣ್ಣುಗಳ ಸುತ್ತ ಸೇರುವುದುಂಟು. ಹತ್ತು ದಿನಗಳಲ್ಲಿ ಹಕ್ಕಳೆಗಳು ಕಳಚುತ್ತವೆ. ತರುವಾಯ, ಎರಡನೆಯ ವಾರದಿಂದ ಆರನೆಯ ವಾರದೊಳಗೆ, ನೆಟ್ಟ ಕೂದಲಲ್ಲಿ ಬಹುಪಾಲು ಉದುರಿಹೋಗುತ್ತದೆ. ತಿಳಿಸಿ ಹೇಳದಿದ್ದರೆ ಮೋಸಹೋದೆನೆಂಬ ಭಾವನೆ ಮೂಡುವುದು ಈ ಸಮಯದಲ್ಲಿಯೇ; ಆದರೆ ಉದುರುವುದು ಕಡ್ಡಿ, ಮೂಲವಲ್ಲ. ಅಕ್ಕಪಕ್ಕದ ಸಹಜ ಕೂದಲೂ ಶಸ್ತ್ರದ ಆಘಾತಕ್ಕೆ ಕೆಲಕಾಲ ಉದುರಬಹುದು. ಹೀಗೆ ಮೂರನೆಯ ತಿಂಗಳಿನಲ್ಲಿ ತಲೆಯು ಮೊದಲಿಗಿಂತ ಬರಿದಾಗಿ ಕಾಣುವುದು ಅಪರೂಪವಲ್ಲ. ಮೂರು ನಾಲ್ಕು ತಿಂಗಳ ಮೇಲೆ ಹೊಸ ಎಳೆಗಳು ಮೂಡಿ, ಪೂರ್ಣಫಲ ತಿಳಿಯುವಷ್ಟರಲ್ಲಿ ಒಂದು ವರ್ಷ ಕಳೆಯುತ್ತದೆ.

ಅಷ್ಟಾದರೂ ಕೆಲಸ ಮುಗಿಯುವುದಿಲ್ಲ. ನೆಡದಿರುವ ಸಹಜ ಕೂದಲನ್ನು ಕಾಯುವುದಕ್ಕೆ ಔಷಧ ಬೇಕಾಗುತ್ತದೆ. ಮಿನಾಕ್ಸಿಡಿಲ್ ಮೊದಲು ರಕ್ತದೊತ್ತಡದ ಮಾತ್ರೆಯಾಗಿದ್ದಿತು. ಅದನ್ನು ಸೇವಿಸಿದವರ ಮೈಮೇಲೆ ಕೂದಲು ಬೆಳೆದುದನ್ನು ಕಂಡು ಲೇಪವಾಗಿ ಮಾರ್ಪಡಿಸಿದರು. ಅಮೆರಿಕದಲ್ಲಿ ೧೯೮೮ರಲ್ಲಿ ಬೋಳಿಗೆ ಅದರ ಬಳಕೆ ಮಂಜೂರಾಯಿತು. ಪ್ರಾಸ್ಟೇಟ್ ಗ್ರಂಥಿಯ ಬಾವಿಗೆಂದು ೧೯೯೨ರಲ್ಲಿ ಬಂದ ಫಿನಾಸ್ಟರೈಡ್ ೧೯೯೭ರಲ್ಲಿ ಸಣ್ಣ ಪ್ರಮಾಣದಲ್ಲಿ ಗಂಡಸರ ಬೋಳಿಗೂ ಮಂಜೂರಾಯಿತು. ಕೆಲವರಲ್ಲಿ ಇದು ಲೈಂಗಿಕ ಶಕ್ತಿಯ ಕುಂದನ್ನು ಉಂಟುಮಾಡುವುದರಿಂದ ವೈದ್ಯರೊಡನೆ ಮುಚ್ಚುಮರೆಯಿಲ್ಲದೆ ಮಾತಾಡಿಯೇ ಸೇವಿಸತಕ್ಕದ್ದು. ಎರಡಕ್ಕೂ ಸಮಾನವಾದ ನಿಯಮವೊಂದುಂಟು: ಸೇವಿಸುವವರೆಗೆ ಫಲ, ಬಿಟ್ಟ ಕೆಲವು ತಿಂಗಳಿಗೆ, ಉಳಿಸಿಕೊಂಡದ್ದು ಉದುರುತ್ತದೆ.

೫

ಈ ನಿಯಮವನ್ನು ಕೇಳಿ ತರುಣನು ಬೆಚ್ಚಬಹುದು. ಆದರೆ ಮಧುಮೇಹಿಗೆ ಇದು ಹೊಸದಲ್ಲ. ಗುಣವಾಗುವುದು ಬೇರೆ, ಹತೋಟಿಯಲ್ಲಿರುವುದು ಬೇರೆ ಎಂಬುದನ್ನು ಅವನು ದಿನದಿನವೂ ಬದುಕಿ ಕಲಿತಿರುತ್ತಾನೆ. ದೀರ್ಘವ್ಯಾಧಿಯವನೇ ಕೇಶನಾಟಿಯ ಸ್ವರೂಪವನ್ನು ಇತರರಿಗಿಂತ ಚೆನ್ನಾಗಿ ಗ್ರಹಿಸಬಲ್ಲನು. ಅವನಿಗೆ ನಾಟಿಯ ಆಸೆ ಹುಟ್ಟುವುದೂ ಅಸಹಜವಲ್ಲ. ವಾಸಿಯಾಗದ ರೋಗಗಳ ನಡುವೆ ದೇಹದಲ್ಲಿ ಸರಿಪಡಿಸಬಹುದಾದುದೊಂದು ಕಂಡರೆ ಮನಸ್ಸು ಅತ್ತ ಎಳೆಯುತ್ತದೆ. ಅದನ್ನು ಹಗುರವಾಗಿ ನಗುವುದು ಸಲ್ಲದು. ಆದರೆ ಅಂಥವರು ತಿಳಿದಿರಬೇಕಾದ ಕೆಲವು ವಿಷಯಗಳಿವೆ.

ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಸಾವಿರಾರು ಸಣ್ಣ ಗಾಯಗಳು ಮಾಯುವುದು ನಿಧಾನವಾಗುತ್ತದೆ, ಸೋಂಕಿನ ಭಯ ಹೆಚ್ಚುತ್ತದೆ. ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತಿಳಿಸುವ ರಕ್ತಪರೀಕ್ಷೆಯಾಗದೆ ದಿನವನ್ನು ಗೊತ್ತುಮಾಡಬಾರದು. ದೀರ್ಘಕಾಲ ನಡೆಯುವ ಕ್ರಿಯೆಯಾದುದರಿಂದ ಊಟ ಮತ್ತು ಮಾತ್ರೆಗಳ ವೇಳೆಯನ್ನು ಮೊದಲೇ ನಿಶ್ಚಯಿಸಬೇಕು. ಹೃದ್ರೋಗಿಗಳು ರಕ್ತ ಹೆಪ್ಪುಗಟ್ಟದಂತೆ ಸೇವಿಸುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಮುಂತಾದುವು ನಾಟಿಯ ಸಮಯದಲ್ಲಿ ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಹಾಗೆಂದು ಅವುಗಳನ್ನು ತಾವಾಗಿಯೇ ನಿಲ್ಲಿಸುವುದು ಕೂದಲಿಗಾಗಿ ಹೃದಯವನ್ನು ಒತ್ತೆಯಿಟ್ಟಂತೆ. ಹೃದಯವನ್ನು ನೋಡಿಕೊಳ್ಳುವ ವೈದ್ಯನ ಮಾತೇ ಇಲ್ಲಿ ಕೊನೆಯ ಮಾತು. ಅವನು ಬೇಡವೆಂದರೆ ನಾಟಿ ಬೇಡ. ಅರಿವಳಿಕೆಯ ಲಿಗ್ನೊಕೇನಿನೊಡನೆ ಸೇರಿಸುವ ಅಡ್ರಿನಾಲಿನ್ ರಕ್ತದೊತ್ತಡವನ್ನು ಏರಿಸಬಲ್ಲುದು. ಪ್ರೊಪ್ರಾನೊಲಾಲ್ ಜಾತಿಯ ಮಾತ್ರೆ ಸೇವಿಸುವವರಲ್ಲಿ ಈ ಏರಿಕೆ ಅಪಾಯಕರವಾಗಬಹುದು. ಲಿಗ್ನೊಕೇನಿಗೆ ದೇಹದ ತೂಕಕ್ಕೆ ತಕ್ಕ ಮಿತಿಯುಂಟು, ಅದನ್ನು ಕರಗಿಸುವುದು ಯಕೃತ್ತು. ಯಕೃತ್ತು ಕೆಟ್ಟವರಿಗೆ ಆ ಮಿತಿ ಇನ್ನೂ ಕಡಮೆ. ಆದುದರಿಂದ ಸೇವಿಸುತ್ತಿರುವ ಔಷಧಗಳ ಪೂರ್ಣ ಪಟ್ಟಿಯನ್ನು ಕೊಡದೆ ಯಾರೂ ಆ ಮೇಜನ್ನು ಏರಬಾರದು.

ಕೆಲವು ವ್ಯಾಧಿಗಳಲ್ಲಿ ಕೂದಲು ಉದುರುವುದು ವ್ಯಾಧಿಯ ಲಕ್ಷಣವೇ ಆಗಿರುತ್ತದೆ. ಥೈರಾಯ್ಡ್ ಗ್ರಂಥಿಯ ಕುಂದು, ಕಬ್ಬಿಣದ ಅಭಾವ, ಹೆಂಗಸರ ಅಂಡಾಶಯದ ಹಾರ್ಮೋನಿನ ಏರುಪೇರು ಇವುಗಳಿಗೆ ಮೊದಲು ಚಿಕಿತ್ಸೆಯಾಗಬೇಕು. ಹೆಂಗಸರಲ್ಲಿ ಕೂದಲು ಅನೇಕ ವೇಳೆ ಹಿಂದಲೆಯಲ್ಲಿಯೂ ತೆಳುವಾಗುವುದರಿಂದ ಸಸಿಮಡಿಯೇ ಸೊರಗಿರುತ್ತದೆ. ನಾಟಿಗೆ ಅರ್ಹರಾದವರು ಅವರಲ್ಲಿ ಕಡಮೆ. ಕ್ಯಾನ್ಸರಿನ ಔಷಧದಿಂದ ಉದುರಿದ ಕೂದಲು ಬಹುಮಟ್ಟಿಗೆ ತಾನೇ ಮರಳುವುದರಿಂದ ಅಲ್ಲಿ ಕಾಯುವುದೇ ಮೊದಲ ಚಿಕಿತ್ಸೆ. ಅಲೊಪೀಷಿಯ ಏರಿಯೇಟದಲ್ಲಿ ರೋಗವು ಚುರುಕಾಗಿರುವಾಗ ನೆಟ್ಟರೆ, ದೇಹವು ಹಳೆಯ ಮೂಲದ ಮೇಲೆ ಎರಗಿದಂತೆ ಹೊಸದರ ಮೇಲೂ ಎರಗುತ್ತದೆ. ಇಲ್ಲಿ ದಾತೃಪ್ರಾಬಲ್ಯದ ತತ್ತ್ವವೇ ನಿಲ್ಲುವುದಿಲ್ಲ. ಅದರ ತೀವ್ರರೂಪಕ್ಕೆ ಬ್ಯಾರಿಸಿಟಿನಿಬ್ ಎಂಬ, ಸಂಧಿವಾತಕ್ಕೆ ಮೊದಲೇ ಬಳಕೆಯಲ್ಲಿದ್ದ ಮಾತ್ರೆ ಅಮೆರಿಕದಲ್ಲಿ ೨೦೨೨ರಲ್ಲಿ ಮಂಜೂರಾಗಿದೆ. ಚರ್ಮದ ಲೂಪಸ್, ಲೈಕನ್ ಪ್ಲೇನಸ್ ಇವುಗಳಿಂದ ಮೂಲಗಳು ನಾಶವಾಗಿ ಕಲೆಗಟ್ಟಿದ ತಲೆಯಲ್ಲಿ ರೋಗವು ಒಂದೆರಡು ವರ್ಷವಾದರೂ ಪೂರ್ಣವಾಗಿ ಶಾಂತವಾಗಿರಬೇಕು; ಆಗಲೂ ಅದು ಮತ್ತೆ ಕೆರಳುವ ಸಂಭವ ಉಂಟು.

೬

ನಾಟಿಯು ಚರ್ಮದ ಮೇಲ್ಪದರದಲ್ಲಿ ನಡೆಯುವ ಸಣ್ಣ ಕೆಲಸವೆಂಬ ಭಾವನೆಯಿಂದ ಸಲೂನಿನಂಥ ಕೊಠಡಿಗಳಲ್ಲಿಯೂ ಅದು ನಡೆದಿರುವುದು ವಿಷಾದದ ಸಂಗತಿ. ೨೦೧೬ರಲ್ಲಿ ಚೆನ್ನೈಯಲ್ಲಿ ನಾಟಿಗೆ ಹೋದ ವೈದ್ಯಕೀಯ ವಿದ್ಯಾರ್ಥಿಯೊಬ್ಬನು ಅಸುನೀಗಿದನು. ೨೦೧೯ರಲ್ಲಿ ಮುಂಬಯಿಯಲ್ಲಿ, ಒಂದೇ ಸರದಿಯಲ್ಲಿ ೯,೦೦೦ಕ್ಕೆ ಮೇಲ್ಪಟ್ಟು ನೆಡಿಸಿಕೊಂಡನೆಂದು ವರದಿಯಾದ ವ್ಯಾಪಾರಿಯೊಬ್ಬನು ಎರಡು ಮೂರು ದಿನಗಳಲ್ಲಿಯೇ ತೀರಿಕೊಂಡನು. ೨೦೨೧ರಲ್ಲಿ ದೆಹಲಿಯಲ್ಲಿ ಒಬ್ಬ ತರುಣನು ನಾಟಿಯ ತರುವಾಯ ಉಂಟಾದ ನಂಜಿನಿಂದ ಮಡಿದನು. ಹೊರನಾಡ ಕನ್ನಡಿಗರು ನೆಲೆಸಿರುವ ನಗರಗಳೇ ಇವು. ರಾಷ್ಟ್ರೀಯ ವೈದ್ಯಕೀಯ ಆಯೋಗವು ೨೦೨೨ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಮಾರ್ಗಸೂತ್ರಗಳು, ತಕ್ಕ ಶಿಕ್ಷಣ ಪಡೆದ ನೋಂದಾಯಿತ ವೈದ್ಯರೇ ಈ ಕ್ರಿಯೆಯನ್ನು ನಡೆಸಬೇಕೆಂದೂ, ಕಾರ್ಯಾಗಾರದಲ್ಲಿಯೋ ಚಲಚ್ಚಿತ್ರದಲ್ಲಿಯೋ ನೋಡಿ ಕಲಿತದ್ದು ಶಿಕ್ಷಣವೆನಿಸದೆಂದೂ ಹೇಳುತ್ತವೆ. ಮಾಡುವವರಾರು, ಅವರ ಪದವಿ ಯಾವುದು, ತುರ್ತು ಸಂದರ್ಭಕ್ಕೆ ಏನು ಸಿದ್ಧತೆಯಿದೆ, ಎಷ್ಟು ಗುಂಪುಗಳನ್ನು ತೆಗೆಯುವರು, ಎಷ್ಟನ್ನು ಉಳಿಸುವರು ಎಂಬ ಪ್ರಶ್ನೆಗಳನ್ನು ಕೇಳುವ ಹಕ್ಕು ಹಣ ಕೊಡುವ ಪ್ರತಿಯೊಬ್ಬನಿಗೂ ಇದೆ.

ಇಷ್ಟು ಅಪಾಯವಿದ್ದರೂ ಜನರು ಆ ಬಾಗಿಲಿಗೆ ಹೋಗುವುದೇಕೆ ಎಂಬುದಕ್ಕೆ ಉತ್ತರವು ವೈದ್ಯಗ್ರಂಥಗಳಲ್ಲಿ ದೊರೆಯುವುದಿಲ್ಲ. ರಾಜ್ ಬಿ. ಶೆಟ್ಟಿಯವರು ನಿರ್ದೇಶಿಸಿ ತಾವೇ ನಾಯಕರಾಗಿ ನಟಿಸಿದ ೨೦೧೭ರ ‘ಒಂದು ಮೊಟ್ಟೆಯ ಕಥೆ’ ಎಂಬ ಚಿತ್ರದಲ್ಲಿ ಮಂಗಳೂರಿನ ಕನ್ನಡ ಉಪನ್ಯಾಸಕನೊಬ್ಬನು ಬೋಳುತಲೆಯ ಕಾರಣದಿಂದ ಹೆಣ್ಣು ಸಿಗದೆ ಪರದಾಡುತ್ತಾನೆ. ೨೦೧೯ರಲ್ಲಿ ಅದು ಹಿಂದಿಗೂ ಹೋಯಿತು. ಪ್ರೇಕ್ಷಕರು ನಕ್ಕದ್ದು ತಮಗೆ ಪರಿಚಿತವಾದ ನೋವನ್ನು ಕಂಡು. ತಲೆಯ ಬೋಳು ದೇಹಕ್ಕೆ ನೋವು ಕೊಡುವುದಿಲ್ಲ. ಎದುರಿನವರ ಕಣ್ಣು ಕೊಡುತ್ತದೆ. ಆ ನೋವನ್ನು ನಾಟಿಯು ಕೆಲವರಲ್ಲಿ ನಿಜವಾಗಿಯೂ ಕಳೆದಿದೆ, ಇದನ್ನು ಅಲ್ಲಗಳೆಯಲಾಗದು. ತನ್ನ ರೂಪವನ್ನು ಎಂದೂ ಒಪ್ಪಲಾರದ ಮನೋವ್ಯಾಧಿಯವನಿಗೆ ಮಾತ್ರ ಎಷ್ಟು ನೆಟ್ಟರೂ ಸಾಲದು. ಅವನಿಗೆ ಬೇಕಾದ ವೈದ್ಯನು ಬೇರೆ.

ಹೀಗೆ ನೋಡಿದರೆ ಕೇಶದ ನಾಟಿಯು ರೋಗವನ್ನು ಗೆಲ್ಲುವ ಯುದ್ಧವಲ್ಲ, ರೋಗದೊಡನೆ ಮಾಡಿಕೊಳ್ಳುವ ಒಂದು ಒಪ್ಪಂದ. ಉಳಿದಿರುವುದೆಷ್ಟು, ಇನ್ನೂ ಹೋಗುವುದೆಷ್ಟು, ಅದಕ್ಕಾಗಿ ದೇಹದ ಉಳಿದ ಭಾಗ ತೆರಬೇಕಾದುದೆಷ್ಟು ಎಂಬ ಲೆಕ್ಕವನ್ನು ಮಾಡಿದವನಿಗೆ ಅದು ಉಪಕಾರವಾಗಬಲ್ಲುದು. ಲೆಕ್ಕ ಮಾಡಿ ಬೇಡವೆಂದು ಎದ್ದು ಬಂದವನೂ ಸೋತವನಲ್ಲ. ಸಸಿಮಡಿಯನ್ನು ನೋಡದೆ ಗದ್ದೆಯ ಅಗಲವನ್ನು ಮಾತ್ರ ನೋಡಿ ನಾಟಿಗಿಳಿಯುವ ಒಕ್ಕಲಿಗನನ್ನು ಹಳ್ಳಿಯಲ್ಲಿ ಯಾರೂ ಜಾಣನೆನ್ನುವುದಿಲ್ಲ.